ನಲವತ್ತೊಂದು ಬಟ್ಟೆ, ಒಂದು ಮುದ್ರೆ

ಭಾನುವಾರ ಸಂಜೆ ನಾಲ್ಕರೊಳಗೆ ನಮ್ಮ ಮನೆಯ ಬೀರುವಿನ ಬಾಗಿಲು ಒಂದೇ ಕೈಯಲ್ಲಿ, ಮೊಣಕಾಲಿನ ಸಹಾಯವಿಲ್ಲದೆ ಮುಚ್ಚುವಂತೆ ಮಾಡದಿದ್ದರೆ ನನ್ನನ್ನು ಗ್ರಂಥಪಾಲಕ ಎಂದು ಕರೆಯಬೇಡಿ! ಹೀಗೆಂದು ನಾನು ಅಂದು ಬೆಳಿಗ್ಗೆ ಏಳು ಗಂಟೆಗೆ ಘೋಷಿಸಿದೆ. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿದ್ದುದರಿಂದ ನಮ್ಮ ಅತ್ತೆಗೆ ಅರ್ಥವಾಗದೆ ಇನ್ನೊಮ್ಮೆ ಘೋಷಿಸಬೇಕಾಯಿತು. ಹೆಂಡತಿಗೆ ಮೊದಲ ಸಲವೇ ಅರ್ಥವಾಗಿತ್ತು. ಅವಳು ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಘೋಷಣೆಗಳನ್ನು ಅವಳು ಬಹಳ ನೋಡಿದ್ದಾಳೆ.

ಘೋಷಣೆಯ ಹಿಂದೆ ಒಂದು ಪತ್ರವಿತ್ತು. ನಾನು ನಗರದ ಗ್ರಂಥಾಲಯದಲ್ಲಿ ಹದಿನೇಳು ವರ್ಷದಿಂದ ಸಹಾಯಕ ಗ್ರಂಥಪಾಲಕ. ನಮ್ಮ ಮುಖ್ಯ ಗ್ರಂಥಪಾಲಕರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಗಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಂದರ್ಶನಕ್ಕೆ ಬನ್ನಿ ಎಂದು ಎಂಟು ದಿನದ ಹಿಂದೆ ಪತ್ರ ಬಂದಿತ್ತು. ನನಗೆ ಆ ಕುರ್ಚಿ ಬೇಕಿತ್ತು. ಸುಳ್ಳು ಯಾಕೆ ಹೇಳಲಿ? ಅದರ ಬೆನ್ನಿನ ಮೇಲೆ ಹಾಸಿದ ಟವೆಲ್ಲಿನಿಂದ ಹಿಡಿದು ಅದು ತಿರುಗುವಾಗ ಕಿರುಗುಟ್ಟುವ ಸದ್ದಿನವರೆಗೆ ಎಲ್ಲವೂ ಬೇಕಿತ್ತು. ಪತ್ರ ಬಂದಾಗಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಫ್ರಿಜ್ಜಿನ ಬಾಗಿಲು ತೆರೆಯುವುದು, ಏನೂ ತೆಗೆಯದೆ ಮುಚ್ಚುವುದು. ಸರಿಯಾಗಿದ್ದ ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಒಂದು ನಲ್ಲಿಯಲ್ಲಿ ನೀರೇ ಬಾರದಂತೆ ಮಾಡಿದೆ. ಚಪ್ಪಲಿಗಳನ್ನು ಅಳತೆಯ ಪ್ರಕಾರ ಜೋಡಿಸಿದೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಎಂತೆಂಥ ರೋಗಿಗಳನ್ನೋ ಸಂಭಾಳಿಸಿದ ಅವಳ ತಾಳ್ಮೆಯೂ ಶನಿವಾರದ ಹೊತ್ತಿಗೆ ಮುಗಿಯಿತು.

"ಇನ್ನೊಂದ್ಸಲ ಆ ಕಿಟಕಿ ಹತ್ರ ಹೋಗಿ ಬಂದ್ರೆ ನಿಮಗೆ ನಿದ್ದೆ ಇಂಜೆಕ್ಷನ್ ಕೊಡ್ತೀನಿ. ಏನಾದ್ರೂ ಒಂದು ಕೆಲಸ ಹಿಡ್ಕೊಳ್ಳಿ, ಆದ್ರೆ ನಲ್ಲಿ ಮುಟ್ಬೇಡಿ," ಎಂದಳು.

ಹಾಗಾಗಿ ಬೀರು.

ನಮ್ಮ ಬೀರು ಅಂದರೆ ಸಾಮಾನ್ಯದ್ದಲ್ಲ. ಬಾಗಿಲು ತೆರೆಯುವವರು ಮೊದಲು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮೇಲಿನ ಅಂಕಣದಿಂದ ಏನಾದರೊಂದು ತಲೆಯ ಮೇಲೆ ಬಿದ್ದೇ ಬೀಳುತ್ತದೆ. ಮೂರೇ ಜನರ ಮನೆಯಲ್ಲಿ ಇಷ್ಟು ಬಟ್ಟೆ ಯಾವಾಗ ಸೇರಿದವೋ, ಯಾರು ಸೇರಿಸಿದರೋ! ಆದರೂ ಪ್ರತಿ ಬೆಳಿಗ್ಗೆ ಅದರ ಮುಂದೆ ನಿಂತು ಹಾಕಿಕೊಳ್ಳಲು ಏನೂ ಇಲ್ಲವೆಂದು ಹೆಂಡತಿ ನಿಟ್ಟುಸಿರು ಬಿಡುತ್ತಾಳೆ. ನಾನೂ ಬಿಡುತ್ತೇನೆ, ಸದ್ದಿಲ್ಲದೆ.

ಇಂಥದ್ದನ್ನು ಖಾಲಿ ಮಾಡುವುದು ಉಳಿದವರಿಗೆ ಕಷ್ಟ, ನನಗಲ್ಲ. ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ನಾವು ಮಾಡುವ ಕೆಲಸವೇ ಇದು. ಮೂರು ವರ್ಷ ಯಾರೂ ಎರವಲು ಪಡೆಯದ ಪುಸ್ತಕಕ್ಕೆ ಕಪಾಟಿನಲ್ಲಿ ಜಾಗವಿಲ್ಲ. ನಿರ್ದಾಕ್ಷಿಣ್ಯವಾಗಿ ಹೊರಗೆ! ಅದೇ ಕಾನೂನನ್ನು ಬಟ್ಟೆಗೂ ಅನ್ವಯಿಸಿದೆ. ಮಂಚದ ಮೇಲೆ ಎರಡು ರಾಶಿ. ಕಿಟಕಿಯ ಕಡೆಯದು ಹೋಗುವುದು, ಬಾಗಿಲ ಕಡೆಯದು ಉಳಿಯುವುದು. ಹಳೆಯ ಬಟ್ಟೆಗಳನ್ನು ಬೇಕಾದವರಿಗೆ ತಲುಪಿಸುವ ಸಂಸ್ಥೆಯೊಂದಕ್ಕೆ ಫೋನು ಮಾಡಿದೆ. ಮಧ್ಯಾಹ್ನ ಮೂರಕ್ಕೆ ವ್ಯಾನು ಕಳಿಸುತ್ತೇವೆಂದರು.

ಮೊದಲ ಬಲಿ ನನ್ನದೇ. ಮದುವೆಯ ಹೊಸತರಲ್ಲಿ ಹೊಲಿಸಿದ ಬೂದು ಪ್ಯಾಂಟು. ಅದರ ಸೊಂಟಕ್ಕೂ ನನ್ನ ಸೊಂಟಕ್ಕೂ ಈಗ ಒಂದು ಗೇಣು ಅಂತರ. ಒಂದು ನಿಮಿಷ ಅದನ್ನು ಮೈಗೆ ಹಿಡಿದುಕೊಂಡು ನಿಂತೆ, ಕಿಟಕಿಯ ಕಡೆ ಎಸೆದೆ. ನಂತರ ಹೆಂಡತಿಯ ಹಸಿರು ಗೌನು. ಇದನ್ನು ಕಡೆಯ ಬಾರಿ ಹಾಕಿದ್ದು ಯಾವಾಗ ಎಂದು ಕೇಳಿದೆ. ಹಾಕಿಲ್ಲ, ತೆಳ್ಳಗಾದ ಮೇಲೆ ಹಾಕುವುದಕ್ಕೆಂದು ಇಟ್ಟಿದ್ದೇನೆ ಎಂದಳು. ಯಾವಾಗ ತೆಳ್ಳಗಾಗುತ್ತೀ ಎಂದು ಕೇಳಿದ್ದು ನನ್ನ ತಪ್ಪು. ಆ ಪ್ರಶ್ನೆಯಿಂದ ಹತ್ತು ನಿಮಿಷ ಹಾಳಾಯಿತು.

ಅತ್ತೆಯದು ಇನ್ನೂ ದೊಡ್ಡ ಕಥೆ. ಏಳು ಶಾಲು, ಏಳೂ ಕಂದು. ಯಾವುದು ಯಾವುದೆಂದು ಅವರಿಗೆ ಮಾತ್ರ ಗೊತ್ತು. ಅವುಗಳ ಕೆಳಗೆ ಒಂದೇ ತೋಳಿನ ಸ್ವೆಟರು. ಹನ್ನೆರಡು ವರ್ಷದಿಂದ ಹೀಗೇ ಇದೆಯಲ್ಲ ಎಂದು ನಾನು ಅದನ್ನು ಎತ್ತಿ ಹಿಡಿದೆ.

"ಇನ್ನೊಂದು ತೋಳು ಹೆಣೀಬೇಕು ಅಂತಿದ್ದೆ, ಅಳಿಯಂದ್ರೇ."

"ಯಾರಿಗೆ ಅತ್ತೆ ಇದು?"

"ನಿಮಗೇ."

ನಿಯಮ ನಿಯಮವೇ. ಕಿಟಕಿಯ ಕಡೆ ಇಟ್ಟೆ. ನೀರು ಕುಡಿದು ಬರುವಷ್ಟರಲ್ಲಿ ಸ್ವೆಟರು ಬಾಗಿಲ ಕಡೆಯ ರಾಶಿಯಲ್ಲಿತ್ತು. ಮತ್ತೆ ಕಿಟಕಿಗೆ ಕಳಿಸಿದೆ. ಮುಖ ತೊಳೆದು ಬಂದೆ, ಸ್ವೆಟರಿನ ಜೊತೆಗೆ ಹಸಿರು ಗೌನೂ ಎರಡು ಶಾಲೂ ವಾಪಸ್ಸು ಬಂದಿದ್ದವು. ತಾಯಿಯೂ ಮಗಳೂ ಏನೂ ಅರಿಯದವರ ಹಾಗೆ ಬೇಳೆ ಆರಿಸುತ್ತ ಕೂತಿದ್ದರು. ಗ್ರಂಥಾಲಯದಲ್ಲೂ ಇದೇ ಪಾಡು. ಹತ್ತು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ಹೊರಗಿಟ್ಟ ದಿನವೇ ಒಬ್ಬ ಓದುಗ ಬಂದು ಅದೇ ಬೇಕೆಂದು ಹಟ ಹಿಡಿಯುತ್ತಾನೆ. ಇದಕ್ಕಾಗಿಯೇ ನಮ್ಮಲ್ಲಿ ಒಂದು ಅಸ್ತ್ರವಿದೆ. ಮುದ್ರೆ!

ಅಂಗೈಯಷ್ಟು ಅಗಲದ ರಬ್ಬರ್ ಮುದ್ರೆ. ಮೊದಲ ಸಾಲಿನಲ್ಲಿ ದಪ್ಪಗೆ "ರದ್ದು". ಕೆಳಗೆ "ಹಳೆಯದು. ಬಳಕೆಗೆ ಯೋಗ್ಯವಲ್ಲ. ಸಂಗ್ರಹದಿಂದ ತೆಗೆಯಲಾಗಿದೆ." ಇದು ಬಿದ್ದ ಪುಸ್ತಕ ಕಪಾಟಿಗೆ ಮರಳಿದ ಉದಾಹರಣೆ ತೀರಾ ಅಪರೂಪ. ಅದರ ನೇರಳೆ ಶಾಯಿಯೂ ವಿಶೇಷದ್ದು. ಪುಸ್ತಕ ಕದ್ದವರು ಉಜ್ಜಿದರೂ, ತೊಳೆದರೂ, ಕೆರೆದರೂ ಹೋಗಬಾರದೆಂದೇ ತರಿಸಿದ್ದು. ಗ್ರಂಥಾಲಯದ ಬೀಗದ ಕೈ ನನ್ನ ಹತ್ತಿರವೇ ಇತ್ತು. ಒಂದೇ ಓಟದಲ್ಲಿ ಹೋಗಿ ಮುದ್ರೆಯನ್ನೂ ಶಾಯಿಯ ಪ್ಯಾಡನ್ನೂ ತಂದೆ. ಮರಳಿ ಬಂದಿದ್ದನ್ನೆಲ್ಲ ಮತ್ತೆ ಕಿಟಕಿಯ ಕಡೆ ಹಾಕಿ, ಬೆವೆತ ಅಂಗಿಯನ್ನು ಕಳಚಿ ಉಳಿಯುವ ರಾಶಿಗೆ ಸೇರಿಸಿ, ಬನಿಯನ್ನಿನಲ್ಲಿ ಯುದ್ಧಕ್ಕೆ ಸಿದ್ಧನಾದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕು ಗಂಟೆಗೆ ಅವಳಿಗೆ ಡ್ಯೂಟಿ ಇತ್ತು, ಅದಕ್ಕೆ ಮೊದಲು ಸ್ವಲ್ಪ ಮಲಗುವವಳಿದ್ದಳು.

"ಇನ್ನೊಬ್ಬರಿಗೆ ಕೊಡೋ ಬಟ್ಟೆ ಮೇಲೆ 'ಬಳಕೆಗೆ ಯೋಗ್ಯವಲ್ಲ' ಅಂತ ಹಾಕಿ ಕೊಡ್ತಾರೇನ್ರೀ? ಅವರಿಗೆ ಮನಸ್ಸು ನೋಯಲ್ವಾ?"

ಮಾತು ನ್ಯಾಯವಾದದ್ದೇ. ಆದರೆ ಕೈಯಲ್ಲಿ ಮುದ್ರೆ ಹಿಡಿದ ಮನುಷ್ಯನಿಗೆ ನ್ಯಾಯದ ಮಾತು ಕೇಳಿಸುವುದಿಲ್ಲ. ಇಲ್ಲದಿದ್ದರೆ ಇವು ಸಂಜೆಯೊಳಗೆ ಮತ್ತೆ ಬೀರು ಸೇರುತ್ತವೆ ಎಂದೆ. ಅವಳು ಆಕಳಿಸಿ ಹೋದಳು.

ನಾನು ಹೇಗೆ ಮುದ್ರೆ ಒತ್ತುತ್ತೇನೆಂಬುದನ್ನು ಇಲ್ಲಿ ಹೇಳಲೇಬೇಕು. ಗ್ರಂಥಾಲಯದಲ್ಲಿ ರದ್ದಾಗುವ ಪುಸ್ತಕಗಳ ರಾಶಿ ಯಾವಾಗಲೂ ನನ್ನ ಎಡಗಡೆ ಇರುತ್ತದೆ. ಎಡಗೈ ಪುಸ್ತಕವನ್ನು ತೆಗೆಯುತ್ತದೆ, ಬೆನ್ನು ಮೇಲೆ ಮಾಡುತ್ತದೆ, ಬಲಗೈ ದಢ್ ಎಂದು ಒತ್ತುತ್ತದೆ. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ಹದಿನೇಳು ವರ್ಷದಲ್ಲಿ ಆ ಕಣ್ಣುಗಳನ್ನು ನಾನು ಗೋಡೆಯ ಗಡಿಯಾರ ನೋಡುವುದಕ್ಕೆ ಬಳಸಿಕೊಂಡಿದ್ದೇನೆ. ಅಂದು ಅವುಗಳಿಗೆ ಬೇರೆ ಕೆಲಸವಿತ್ತು. ಸಂದರ್ಶನದ ಉತ್ತರಗಳನ್ನು ಬರೆದ ಹಾಳೆಯನ್ನು ಬೀರುವಿನ ಕನ್ನಡಿಗೆ ಅಂಟಿಸಿದ್ದೆ. ಗ್ರಂಥಾಲಯವೆಂದರೆ ಸಮಾಜದ ನೆನಪಿನ ಕಣಜ! ದಢ್. ಓದುಗನೇ ನಮ್ಮ ಪ್ರಭು! ದಢ್.

ಕಿಟಕಿಯ ಕಡೆಯ ರಾಶಿ ನನ್ನ ಎಡಕ್ಕೆ ಬರುವ ಹಾಗೆಯೇ ನಿಂತಿದ್ದೆ. ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಮುದ್ರೆ ಇನ್ನೂ ಒದ್ದೆಯಾಗಿಲ್ಲದ ಕಾರಣ ಮೊದಲ ಎರಡು ಏಟು ಮೂಡಲಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಮರೆತುಹೋಯಿತು. ನಾಳೆ ಅಲ್ಲಿಯೂ ಹೀಗೆಯೇ ಮರೆತರೆ? ಕಾಲು ನಿಲ್ಲಲಿಲ್ಲ. ಪ್ಯಾಡನ್ನು ಕೈಯಲ್ಲಿ ಹಿಡಿದೇ ಕಿಟಕಿಯವರೆಗೆ ಹೋದೆ, ಅಲ್ಲಿಂದ ಬಾಗಿಲಿಗೆ, ಮತ್ತೆ ಕಿಟಕಿಗೆ. ಉತ್ತರ ನೆನಪಾದಾಗ ನಾನು ಮಂಚದ ಇನ್ನೊಂದು ಬದಿಯಲ್ಲಿದ್ದೆ. ಇರಲಿ ಎಂದು ಅಲ್ಲಿಯೇ ನಿಂತು, ಕುತ್ತಿಗೆ ಹೊರಳಿಸಿ ಕನ್ನಡಿಯ ಹಾಳೆ ನೋಡುತ್ತ, ಎಡಗೈ ಚಾಚಿ ಕೆಲಸ ಮುಂದುವರಿಸಿದೆ.

ನನ್ನ ಎಡಕ್ಕೆ ಈಗ ಯಾವ ರಾಶಿ ಇತ್ತೆಂದು ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಒಂದು, ಎರಡು, ಹತ್ತು, ಇಪ್ಪತ್ತು. ಏನು ವೇಗ, ಏನು ಲಯ! ಮೂರೂವರೆ ನಿಮಿಷದಲ್ಲಿ ನಲವತ್ತೊಂದು ಬಟ್ಟೆ, ಒಂದೂ ತಪ್ಪದಂತೆ, ಎಲ್ಲವೂ ಬೆನ್ನಿನ ನಟ್ಟನಡುವೆ. ಮುಗಿಸಿ, ಕೈ ತೊಳೆಯಲು ಬಚ್ಚಲಿಗೆ ಹೋದೆ. ಶಾಯಿ ಹೋಗಲಿಲ್ಲ. ಎಂಥ ಉತ್ತಮ ಶಾಯಿ ಎಂದು ಮೆಚ್ಚಿಕೊಂಡೆ.

ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ನಾನು ಬಚ್ಚಲಿನಿಂದಲೇ ಕೂಗಿ, ಹೋಗುವ ಬಟ್ಟೆಗಳನ್ನು ಕೊಟ್ಟುಬಿಡಿ ಎಂದು ಅತ್ತೆಗೆ ಹೇಳಿದೆ. ಅತ್ತೆ ಬೆಳಗಿನಿಂದ ಆ ರಾಶಿಗೆ ಪ್ರದಕ್ಷಿಣೆ ಹಾಕಿದವರು. ಅವರಿಗೆ ಮುದ್ರೆ ನೋಡುವ ಅಗತ್ಯವೇ ಇರಲಿಲ್ಲ. ಕಿಟಕಿಯ ಕಡೆಯ ರಾಶಿಯನ್ನು ನಾಲ್ಕು ಚೀಲಕ್ಕೆ ತುಂಬಿ, ಕಣ್ಣೊರೆಸಿಕೊಂಡು ಕೊಟ್ಟು ಬಂದರು. ಹೀಗೆ ನಾವು ಬೇಡವೆಂದ ಬಟ್ಟೆಗಳೆಲ್ಲ ಒಂದು ಕಲೆಯೂ ಇಲ್ಲದೆ, ಮಾನವಾಗಿ ಮನೆ ಬಿಟ್ಟವು.

ಮೂರೂಕಾಲಿಗೆ ಹೆಂಡತಿ ಎದ್ದು ತನ್ನ ಬಿಳಿ ಸಮವಸ್ತ್ರ ತೆಗೆದುಕೊಳ್ಳಲು ಒಳಗೆ ಹೋದಳು. ನಂತರ ಅವಳು ಅದನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು ಹೊರಗೆ ಬಂದಳು.

"ಇಪ್ಪತ್ತು ವರ್ಷ ಸರ್ವೀಸು ನಂದು," ಎಂದಳು ಮೆಲ್ಲಗೆ. "ಯಾವ ಡಾಕ್ಟರೂ ನನಗೆ ಹೀಗಂದಿಲ್ಲ."

ನಾನು ಓಡಿದೆ. ಒಂದೊಂದಾಗಿ ತಿರುವಿ ಹಾಕಿದೆ. ನನ್ನ ಆಫೀಸಿನ ಅಂಗಿಗಳು, ರದ್ದು. ಅತ್ತೆಯ ಉಳಿದ ಶಾಲುಗಳು, ರದ್ದು. ಬೆವೆತ ಅಂಗಿ, ರದ್ದು. ಎಲ್ಲಕ್ಕಿಂತ ಕೆಳಗೆ, ಸಂದರ್ಶನಕ್ಕೆಂದು ಹೆಂಡತಿ ಮೂರು ಅಂಗಡಿ ಸುತ್ತಿ ಆರಿಸಿ ತಂದ ತಿಳಿನೀಲಿ ಅಂಗಿ. ಅದರ ಮೇಲಂತೂ ಮುದ್ರೆ ಅತ್ಯಂತ ಸ್ಫುಟವಾಗಿ ಮೂಡಿತ್ತು. ಅದನ್ನು ಹಿಡಿದುಕೊಂಡೇ ಮಂಚದ ಮೇಲೆ ಕೂತೆ. ಅತ್ತೆ ಬಂದು ಇಣುಕಿದರು. ನೀವೇ ಬೆಳಿಗ್ಗೆ ಹೇಳಿದಿರಿ, ಕಿಟಕಿ ಕಡೆಯದು ಹೋಗುವುದು, ಬಾಗಿಲ ಕಡೆಯದು ಉಳಿಯುವುದು ಎಂದು. ನಾನು ಹಾಗೇ ಮಾಡಿದೆ ಎಂದರು. ಸ್ವೆಟರನ್ನೂ ಕೊಟ್ಟುಬಿಟ್ಟಿರಾ ಎಂದು ಕೇಳಿದೆ. ಕೊಟ್ಟೆ, ನಿಯಮ ಅಂದಿರಲ್ಲ ಎಂದರು. ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಹೆಂಡತಿ ಆಸ್ಪತ್ರೆಯಲ್ಲಿ ಬೇರೊಂದು ಸಮವಸ್ತ್ರ ಇದೆಯೆಂದು ಹೇಳಿ, ಮೇಲೊಂದು ಚಾದರ ಹೊದ್ದು ಹೊರಟಳು. ಹೊರಡುವ ಮುಂಚೆ ಸ್ಪಿರಿಟ್ಟಿನ ಬಾಟಲಿ ಕೈಗಿತ್ತಳು. ಭಾನುವಾರ, ನಮ್ಮ ಕಡೆಯ ಬಟ್ಟೆ ಅಂಗಡಿಗಳೆಲ್ಲ ಮುಚ್ಚಿದ್ದವು. ಸೋಮವಾರ ಅವು ತೆರೆಯುವುದು ಹನ್ನೊಂದಕ್ಕೆ, ನನ್ನ ಸಂದರ್ಶನ ಹತ್ತಕ್ಕೆ. ನಾನೂ ಅತ್ತೆಯೂ ಸಂಜೆಯವರೆಗೆ ನೀಲಿ ಅಂಗಿಯನ್ನು ಉಜ್ಜಿದೆವು. ಸೋಪು, ನಿಂಬೆರಸ, ಉಪ್ಪು, ಸ್ಪಿರಿಟ್ಟು ಎಲ್ಲ ಆಯಿತು. ಅಕ್ಷರಗಳ ಸುತ್ತಲಿನ ಬಟ್ಟೆ ಬೆಳ್ಳಗಾಗಿ ಅಕ್ಷರಗಳು ಮತ್ತಷ್ಟು ಎದ್ದು ಕಂಡವು.

ಇನ್ನು ಉಳಿದದ್ದು ಮುಚ್ಚುವ ದಾರಿ. ಮೇಲಿನ ಮನೆಯವರು ಮೆರವಣಿಗೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವರು. ಅವರ ಹತ್ತಿರ ಒಂದು ಕೋಟಿತ್ತು. ಕಡುನೀಲಿ ಬಣ್ಣ, ಎದೆಯ ಮೇಲೆ ಆರು ಹಿತ್ತಾಳೆ ಗುಂಡಿ, ಭುಜದಲ್ಲಿ ಜರಿಯ ಕುಚ್ಚು. ಕುಚ್ಚನ್ನು ಒಳಗೆ ಮಡಿಸಿ ಪಿನ್ನು ಹಾಕಿಕೊಂಡರಾಯಿತು ಎಂದು ಅವರೇ ಉಪಾಯ ಹೇಳಿ ಕೊಟ್ಟರು. ಮರುದಿನ ಸಂದರ್ಶನದ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಾಗ, ಬಾಗಿಲ ಬಳಿಯ ಜವಾನರು ನನ್ನ ಪಕ್ಕಕ್ಕೆ ಬಂದು, ಉಳಿದ ವಾದ್ಯದವರು ಯಾವಾಗ ಬರುತ್ತಾರೆ ಎಂದು ವಿಚಾರಿಸಿದರು. ನನ್ನ ಜೊತೆ ಕಾಯುತ್ತಿದ್ದ ಉಳಿದ ಇಬ್ಬರು ಅಭ್ಯರ್ಥಿಗಳು ತಂತಮ್ಮ ಬಿಳಿ ಅಂಗಿಯಲ್ಲಿ ಶಾಂತವಾಗಿ ಕೂತಿದ್ದರು. ನಾನು ಬೆಂಚಿನ ಈ ತುದಿಯಿಂದ ಆ ತುದಿಗೆ ಹದಿನಾಲ್ಕು ಸಲ ಜಾಗ ಬದಲಿಸಿದೆ.

ಕೊನೆಗೂ ನನ್ನನ್ನು ಕರೆದರು. ಮೇಜಿನಾಚೆ ಮೂವರು. ನಡುವೆ ಸಮಿತಿಯ ಅಧ್ಯಕ್ಷೆ, ಬೆಳ್ಳಿಗೂದಲಿನ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುವವರು. ಫ್ಯಾನು ಕೆಟ್ಟಿತ್ತು. ಮೊದಲ ಎರಡು ಉತ್ತರ ನಿರರ್ಗಳವಾಗಿ ಬಂದವು. ಆದರೆ ಕೋಟಿನೊಳಗೆ ನಾನು ಬೇಯುತ್ತಿದ್ದೆ, ಬೆವರು ಗಲ್ಲದಿಂದ ಹಿತ್ತಾಳೆ ಗುಂಡಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕೋಟು ತೆಗೆಯಿರಿ ಎಂದರು ಅಧ್ಯಕ್ಷೆ. ಪರವಾಗಿಲ್ಲ ಎಂದೆ. ನಿಮ್ಮನ್ನು ನೋಡಿ ನಮಗೇ ಸೆಕೆಯಾಗುತ್ತಿದೆ, ತೆಗೆಯಿರಿ ಎಂದರು. ತೆಗೆದೆ. ಬೆನ್ನನ್ನು ಕುರ್ಚಿಗೆ ಅಂಟಿಸಿ ಕೂತೆ. ಆಗಲೇ ಒಬ್ಬ ಸದಸ್ಯರಿಗೆ ನನ್ನ ಹಿಂದಿನ ಕಪಾಟಿನಲ್ಲಿದ್ದ ಕಡತ ಬೇಕಾಗಬೇಕೇ! ತಿರುಗದೆ, ಹಿಂದಕ್ಕೆ ಹಿಂದಕ್ಕೆ ನಡೆದು, ಕೈಯನ್ನು ಬೆನ್ನ ಹಿಂದೆ ಚಾಚಿ ತಡಕಾಡಿದೆ. ಕಪಾಟಿನ ಗಾಜಿನ ಬಾಗಿಲಿನಲ್ಲಿ ನನ್ನ ಬೆನ್ನು ಕಾಣುತ್ತದೆಂದು ನನಗೆ ತಿಳಿಯಲಿಲ್ಲ.

"ಅದೇನದು ನಿಮ್ಮ ಬೆನ್ನ ಮೇಲೆ?" ಎಂದರು ಅಧ್ಯಕ್ಷೆ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಹುರುಪು ಬಂತು. ಎರಡು ರಾಶಿ, ಸ್ವೆಟರು, ಸಮವಸ್ತ್ರ, ತುತ್ತೂರಿಯವರ ಕೋಟು. ಸದಸ್ಯರಿಬ್ಬರೂ ಕಣ್ಣೀರು ಬರುವಂತೆ ನಕ್ಕರು. ನಗುವವರು ಕೆಲಸ ಕೊಡದೆ ಇರುತ್ತಾರೆಯೇ? ನನ್ನ ಎಂಟು ದಿನದ ಚಡಪಡಿಕೆ ಅಲ್ಲಿಯೇ ಅರ್ಧ ಇಳಿಯಿತು. ಅಧ್ಯಕ್ಷೆ ಮಾತ್ರ ಕನ್ನಡಕವನ್ನು ಇನ್ನಷ್ಟು ಇಳಿಸಿಕೊಂಡರು.

"ನಲವತ್ತೊಂದು ಬಟ್ಟೆ. ಒಂದನ್ನೂ ನೋಡ್ಲಿಲ್ವಾ?"

"ನೋಡೋ ಅಗತ್ಯನೇ ಬೀಳಲ್ಲ ಮೇಡಂ. ಕೈಗೆ ಅಭ್ಯಾಸ ಆಗಿಬಿಟ್ಟಿದೆ."

"ಗ್ರಂಥಾಲಯದಲ್ಲೂ ಹೀಗೇನಾ?"

"ಅಲ್ಲಿ ಇನ್ನೂ ಬೇಗ ಮೇಡಂ," ಎಂದೆ ಹೆಮ್ಮೆಯಿಂದ. "ನಿಮಿಷಕ್ಕೆ ಹದಿನೈದು ಪುಸ್ತಕ."

ಸದಸ್ಯರು ನಗು ನಿಲ್ಲಿಸಿ ಏನನ್ನೋ ಬರೆದುಕೊಂಡರು. ನನ್ನ ವೇಗವನ್ನು ದಾಖಲಿಸುತ್ತಿದ್ದಾರೆಂದು ಖುಷಿಯಾಯಿತು. ಅಧ್ಯಕ್ಷೆ ಕಡೆಯ ಪ್ರಶ್ನೆ ಕೇಳಿದರು. ತಪ್ಪಾಗಿ ರದ್ದಾದದ್ದನ್ನು ಮತ್ತೆ ಸಂಗ್ರಹಕ್ಕೆ ಸೇರಿಸುವ ಕ್ರಮವೇನು? ಇದು ನನಗೆ ನಿದ್ದೆಯಲ್ಲೂ ಬರುವ ಉತ್ತರ. ಮುದ್ರೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೀಟು, ಕೆಳಗೆ ಒಂದು ಸಾಲಿನ ಷರಾ, ಅಧಿಕಾರಿಯ ಸಹಿ, ದಿನಾಂಕ ಎಂದು ಉಸಿರು ಬಿಡದೆ ಒಪ್ಪಿಸಿದೆ. ಅಷ್ಟಕ್ಕೆ ಸುಮ್ಮನಿರದೆ, ತಾವು ಮನಸ್ಸು ಮಾಡಿದರೆ ನನ್ನನ್ನೂ ಹಾಗೆಯೇ ಸೇರಿಸಿಕೊಳ್ಳಬಹುದು ಎಂದು ಸೇರಿಸಿದೆ.

"ತಿರುಗಿ ನಿಂತ್ಕೊಳ್ಳಿ," ಎಂದರು ಅಧ್ಯಕ್ಷೆ.

ತಿರುಗಿ ನಿಂತೆ. ಅವರು ಎದ್ದು ಬಂದರು. ಕೆಂಪು ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬೆನ್ನ ಮೇಲೆ ಎಡದಿಂದ ಬಲಕ್ಕೆ ಒಂದು ಗೀಟು ಹರಿಯಿತು. ನಂತರ ಒಂದು ಸಾಲು ಬರಹ, ಸರ್ರನೆ ಎಳೆದ ಸಹಿ, ಪುಟ್ಟ ಪುಟ್ಟ ಅಂಕಿಗಳು. ಕಚಗುಳಿಯಾಗಿ ನಗು ಬಂದರೂ ತಡೆದುಕೊಂಡೆ. ಹದಿನೇಳು ವರ್ಷ ಸಹಾಯಕನಾಗಿ ಬಗ್ಗಿದ್ದ ಬೆನ್ನು ಆ ಕ್ಷಣ ನೆಟ್ಟಗಾಯಿತೆಂದು ನನಗೆ ನಿಜವಾಗಿಯೂ ಅನ್ನಿಸಿತು. ಹೋಗಿ ಬನ್ನಿ ಎಂದರು. ಮೂವರಿಗೂ ಕೈಮುಗಿದು ಹೊರಬಂದೆ.

ಕೋಟನ್ನು ಮತ್ತೆ ಹಾಕಿಕೊಳ್ಳುವುದುಂಟೇ! ಅದನ್ನು ತೋಳಿನ ಮೇಲೆ ಹಾಕಿಕೊಂಡು, ಜವಾನರಿಗೂ ಆ ಇಬ್ಬರು ಅಭ್ಯರ್ಥಿಗಳಿಗೂ ಬೆನ್ನು ಚೆನ್ನಾಗಿ ಕಾಣುವಂತೆ ಒಮ್ಮೆ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಿಲ್ಲ, ಎಲ್ಲರಿಗೂ ಕಾಣಲೆಂದು ಮುಂದುಗಡೆ ಕಂಬ ಹಿಡಿದು ನಿಂತೆ. ಹಿಂದೆ ಗುಸುಗುಸು ಎದ್ದಿತು, ಯಾರೋ ಕಿಸಕ್ಕೆಂದರು. ಜನರಿಗೆ ಸಂತೋಷ ಹಂಚುವುದೂ ಒಂದು ಸೇವೆಯೇ. ನಮ್ಮ ಬೀದಿಯಲ್ಲಿ ಬೇಕೆಂದೇ ನಿಧಾನಕ್ಕೆ ನಡೆದೆ. ಅಂಗಡಿ ಅಂಗಡಿಯ ಮುಂದೆ ನಿಂತು, ಒಳಗಿನವರಿಗೆ ಬೆನ್ನು ಮಾಡಿ, ಆಕಾಶ ನೋಡಿದೆ.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. ಬಾಗಿಲಲ್ಲಿಯೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಸಾಕ್ಷಾತ್ ಅಧ್ಯಕ್ಷೆಯೇ ಕೆಂಪು ಶಾಯಿಯಲ್ಲಿ ನನ್ನನ್ನು ಸಂಗ್ರಹಕ್ಕೆ ಮರಳಿ ಸೇರಿಸಿದ್ದಾರೆ, ಕುರ್ಚಿ ನನ್ನದಾಯಿತೆಂದೇ ತಿಳಿ ಎಂದೆ. ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ಓದು, ಜೋರಾಗಿ ಓದು ಎಂದು ನಾನು ಹೆಂಡತಿಯ ಕಡೆ ಬೆನ್ನು ತಿರುಗಿಸಿದೆ. ಅವಳು ನನ್ನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಗೀಟು ಮುದ್ರೆ ಮೇಲಿಲ್ಲ ಕಣ್ರೀ. ಕೆಳಗೆ ಎಳೆದಿದ್ದಾರೆ."

"ಇರ್ಲಿ, ಕೈ ಜಾರಿರುತ್ತೆ. ಷರಾ ಏನಂತ ಬರೆದಿದ್ದಾರೆ?"

"'ಪರಿಶೀಲಿಸಿದೆ. ಮುದ್ರೆ ಸರಿಯಾಗಿದೆ.'"